ಇಪ್ಪತ್ತಾರನೆಯ ಬಾಣ

ಅರ್ವಿಲಾ ಸ್ಟಾಟ್ ಮೂವತ್ತೊಂದು ವರ್ಷ ಎಸ್ಕಲಾಂಟೆ ಮರುಭೂಮಿಯ ಒಂಟಿಮನೆಗಳಿಗೆ ಟಪಾಲು ಹಂಚಿ ನಿವೃತ್ತಳಾದವಳು. ಆಮೇಲೂ ಸುಮ್ಮನೆ ಕೂರಲಿಲ್ಲ. ಹಿಂದಿನ ಕಾಲದ ಟಪಾಲು ವಿಮಾನಗಳಿಗೆ ದಾರಿ ತೋರಿಸಲೆಂದು ನೆಲದ ಮೇಲೆ ಹಾಸಿದ್ದ ಕಾಂಕ್ರೀಟ್ ಬಾಣಗಳನ್ನು ಹುಡುಕಿಕೊಂಡು ಗುಡ್ಡಗುಡ್ಡ ಅಲೆದಳು. ಒಂದೊಂದು ಬಾಣ ಎಪ್ಪತ್ತು ಅಡಿ ಉದ್ದ, ನಡುವೆ ಕಬ್ಬಿಣದ ಗೋಪುರ, ಅದರ ನೆತ್ತಿಯ ಮೇಲೆ ತಿರುಗುವ ದೀಪ. ರೇಡಿಯೊ ಬಂದ ಮೇಲೆ ಅವು ಯಾರಿಗೂ ಬೇಡವಾದವು. ಗೋಪುರಗಳನ್ನು ಬಿಚ್ಚಿಕೊಂಡು ಹೋದರು, ಬಾಣಗಳ ಮೇಲೆ ಮರಳು ಕೂತಿತು.

ತನ್ನ ಮದುವೆಗೆ ಮುಂಚೆ ಅವಳಪ್ಪ ಇಪ್ಪತ್ತಾರನೆಯ ದೀಪ ನೋಡಿಕೊಳ್ಳುತ್ತಿದ್ದ. ಪೆಟ್ರೋಲ್ ಡಬ್ಬ ಹೇರಿಕೊಂಡು ಹೋಗಿ ಜನರೇಟರಿಗೆ ಸುರಿದು, ದೀಪದ ಗಾಜು ಒರೆಸಿ ಬರುತ್ತಿದ್ದನಂತೆ. ಅದೆಲ್ಲಿತ್ತು ಎಂದು ಕೇಳುವ ಬುದ್ಧಿ ಇವಳಿಗೆ ಬರುವ ಹೊತ್ತಿಗೆ ಅಪ್ಪನೇ ಇರಲಿಲ್ಲ. ಆ ಸೀಮೆಯಲ್ಲಿದ್ದ ಹತ್ತರಲ್ಲಿ ಒಂಬತ್ತು ಬಾಣ ಸಿಕ್ಕವು, ಅಪ್ಪನದು ಮಾತ್ರ ಸಿಗಲಿಲ್ಲ.

ಕೊನೆಗೆ ಅದು ಸಿಕ್ಕಿದ್ದು ಲವಾರ್ ಹೇಫನ್ ಎಂಬವನು ಚಳಿಗಾಲದಲ್ಲಿ ದನ ಮೇಯಿಸುವ ಜಮೀನಿನಲ್ಲಿ. ಅರ್ವಿಲಾಳ ಬೂಟಿಗೆ ಕುರುಚಲು ಗಿಡಗಳ ನಡುವೆ ಗಟ್ಟಿಯಾದದ್ದೇನೋ ತಗಲಿತು. ಮಾರನೆಯ ದಿನ ಮನೆಯಿಂದ ಪೊರಕೆ, ಸಲಿಕೆ ತಂದಳು. ಎಪ್ಪತ್ತನಾಲ್ಕರ ಸೊಂಟ, ನಾಲ್ಕು ದಿನ ಹಿಡಿಯಿತು. ಬಾಣದ ಮೂತಿ ಒಂದು ಕಡೆ ಸೀಳಿತ್ತು, ಹಳದಿ ಬಣ್ಣ ಅಲ್ಲಲ್ಲಿ ಚಕ್ಕೆ ಚಕ್ಕೆಯಾಗಿ ಉಳಿದಿತ್ತು. ಅವಳು ಅದರ ಬಾಲದ ಮೇಲೆ ಕೂತು, ತಂದಿದ್ದ ಪೀಚ್ ಹಣ್ಣಿನ ಬಾಟಲಿ ತೆರೆದು ತಿಂದಳು. ಅಳು ಬರಬಹುದು ಅಂದುಕೊಂಡಿದ್ದಳು, ಬರಲಿಲ್ಲ. ಹಸಿವಾಗಿತ್ತು ಅಷ್ಟೆ.

ಲವಾರ್ ಅವಳ ಜೊತೆ ಶಾಲೆಗೆ ಹೋದವನು. ಬಂದು ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಿಮ್ಮಪ್ಪಂದು ಅಂತ ಬಿಡ್ತಿದೀನಿ ಅರ್ವಿಲಾ. ನಿಂಗೆ ಬೇಕಾದಾಗ ಬಾ, ಗುಡಿಸ್ಕೊಂಡು ಕೂತ್ಕೊ. ಆದ್ರೆ ಊರಿಗೆಲ್ಲ ಡಂಗುರ ಹೊಡೀಬೇಡ."

"ಮೂವತ್ತೊಂದು ವರ್ಷ ನಿನ್ ಕಾಗದ ತಂದು ಕೊಟ್ಟಿದೀನಿ, ಒಂದಾದ್ರೂ ಒಡ್ದು ಓದಿದೀನಾ?"

"ಕಾರ್ಡೆಲ್ಲ ನೀನು ಓದ್ತಿದ್ದೆ. ನಮ್ಮತ್ತೆ ಬರೋದು ನಮಗಿಂತ ಮೊದ್ಲು ನಿಂಗೇ ಗೊತ್ತಿರ್ತಿತ್ತು."

ಆಗಲಿ, ಯಾರಿಗೂ ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಳು. ಮಾತು ತಪ್ಪುವ ಉದ್ದೇಶ ಖಂಡಿತ ಇರಲಿಲ್ಲ. ಆದರೆ ತಂಗಿಯ ಮಗ ಥೇನ್ ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಬಂದಾಗ ಹೊಟ್ಟೆಯಲ್ಲಿದ್ದ ಮಾತು ನಿಲ್ಲಲಿಲ್ಲ. ಕರೆದುಕೊಂಡು ಹೋಗಿ ತೋರಿಸಿಯೂಬಿಟ್ಟಳು. ಅವನು ಫೋನಿನಲ್ಲಿ ಫೋಟೊ ತೆಗೆದ. ರಾತ್ರಿಗೆ ಅದು ಜಾಗದ ಗುರುತಿನ ಸಮೇತ ಇಂಟರ್ನೆಟ್‌ಗೆ ಹೋಯಿತು, ಕೆಳಗೆ ದೊಡ್ಡಮ್ಮನ ಹೆಸರು. ಅವನಿಗೆ ಅದು ಮರ್ಯಾದೆ ಮಾಡಿದ ಹಾಗೆ.

ಮೂರು ವಾರದೊಳಗೆ ಹೊರಗಿನವರ ಗಾಡಿಗಳು ಬರತೊಡಗಿದವು. ಲವಾರ್ ಎರಡು ಸಲ ಬೋರ್ಡು ಹಾಕಿದ, ಎರಡು ಸಲವೂ ಕಿತ್ತುಹೋಯಿತು. ಅಕ್ಟೋಬರ್‌ನಲ್ಲಿ ಯಾರೋ ಗೇಟು ಹಾಕದೆ ಹೋದರು. ದನಗಳು ಹೆದ್ದಾರಿಗೆ ನಡೆದವು. ಬೆಳಗಿನ ಮಬ್ಬಿನಲ್ಲಿ ಬಂದ ಲಾರಿ ಗಬ್ಬದ ಹಸುಗಳೆರಡಕ್ಕೆ ಗುದ್ದಿತು. ಒಂದು ಅಲ್ಲೇ ಸತ್ತಿತು. ಇನ್ನೊಂದನ್ನು ಲವಾರ್ ತನ್ನ ಕೈಯಾರೆ ಗುಂಡು ಹಾರಿಸಿ ಕೊಲ್ಲಬೇಕಾಯಿತು.

ಅರ್ವಿಲಾ ಥೇನ್‌ಗೆ ಫೋನ್ ಮಾಡಿ ಎಲ್ಲ ಅಳಿಸು ಎಂದಳು.

"ನಂದು ಆಗ್ಲೇ ತೆಗ್ದೆ ದೊಡ್ಡಮ್ಮ. ಬೇರೆಯವ್ರು ಎತ್ಕೊಂಡಿರೋದು ನನ್ನ ಕೈಲಿಲ್ಲ."

"ಯಾರ ಕೈಲಿದೆ ಹಾಗಾದ್ರೆ?"



ನೋಡಲು ಏನೂ ಇಲ್ಲದಿದ್ದರೆ ಜನ ಬರುವುದಿಲ್ಲ, ಬಾಣ ಒಡೆದು ಹಾಕುತ್ತೇನೆ ಎಂದು ಲವಾರ್ ಅವಳಿಗೆ ಮುಂಚೆಯೇ ತಿಳಿಸಿದ. ಅವಳು ಕೌಂಟಿ ಕಚೇರಿಗೆ ಹೋದಳು. ಅಲ್ಲಿನ ಹೆಂಗಸು ಕನಿಕರದಿಂದಲೇ ಎಲ್ಲ ಕೇಳಿಸಿಕೊಂಡು, ಖಾಸಗಿ ಜಮೀನು, ಅವರಿಷ್ಟ, ನಮಗೆ ಮಾಡುವುದಕ್ಕೇನೂ ಇಲ್ಲ ಎಂದಳು. ಗಟ್ಟಿ ಬೇಲಿ ಹಾಕಿಸೋಣ, ಸಾಲ ಮಾಡಿಯಾದರೂ ದುಡ್ಡು ಕೊಡುತ್ತೇನೆ ಎಂದು ಅರ್ವಿಲಾ ಲವಾರ್‌ನ ಮನೆ ಬಾಗಿಲಲ್ಲಿ ನಿಂತು ಕೇಳಿದಳು. ಬೇಲಿ ಕತ್ತರಿಸುವವರಿಗೆ ಇಕ್ಕಳ ಇರುವುದಿಲ್ಲವೇ ಎಂದ ಅವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಜಗಳವಾಡಬಹುದಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಹೋದಾಗ ಕಾಂಕ್ರೀಟ್ ಒಡೆಯುವ ಯಂತ್ರ ಬಂದು ನಿಂತಿತ್ತು. ಹತ್ತುವ ಮೊದಲು ಲವಾರ್ ಅವಳ ಹತ್ತಿರ ಬಂದ.

"ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳಿಬಿಡು."

ಅವಳಿಗೆ ಹೇಳಬೇಕಾದದ್ದು ರಾಶಿಯಿತ್ತು. ಆದರೆ ಮಾತು ಮುರಿದವಳು ತಾನು, ಹಸು ಸತ್ತದ್ದು ಅವನದು. ಯಾವ ಮಾತು ಎತ್ತಿದರೂ ಬಾಯಿಗೆ ಬರುವ ಮೊದಲೇ ಸೋತುಹೋಗುತ್ತಿತ್ತು.

"ಏನಿಲ್ಲ" ಅಂದಳು.

ಬಾಲದ ಕಡೆಯಿಂದ ಶುರುಮಾಡಿದ. ಆಗಿನವರು ಗಟ್ಟಿ ಕೆಲಸ ಮಾಡಿದ್ದರು, ಮಧ್ಯಾಹ್ನದ ತನಕ ಹಿಡಿಯಿತು. ಅವಳು ಕೊನೆಯವರೆಗೂ ನಿಂತಿದ್ದಳು. ಮುಗಿದ ಮೇಲೆ ಇಬ್ಬರೂ ಗಾಡಿಯ ನೆರಳಲ್ಲಿ ಒಂದೇ ಡಬ್ಬಿಯ ನೀರು ಕುಡಿದರು.

ಆದರೆ ಜನ ಬರುವುದು ನಿಲ್ಲಲಿಲ್ಲ. ಒಡೆದ ಸುದ್ದಿ ಇಂಟರ್ನೆಟ್‌ನಲ್ಲಿ ಯಾರಿಗೂ ಬೇಕಿರಲಿಲ್ಲ. ಈಗ ಅರ್ವಿಲಾ ಪ್ರತಿ ಶನಿವಾರ ತನ್ನ ಹಳೆಯ ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿಕೊಂಡು ಕೂರುತ್ತಾಳೆ. ಬಂದವರಿಗೆ, ಒಳಗೇನೂ ಉಳಿದಿಲ್ಲ, ತಿರುಗಿ ಹೋಗಿ ಎನ್ನುತ್ತಾಳೆ. ಕೆಲವರು ಹೋಗುತ್ತಾರೆ. ಕೆಲವರು ಫೋನು ಚಾಚಿ ಫೋಟೊ ತೋರಿಸಿ, ಇಲ್ಲೇ ಇದೆಯಲ್ಲ ಅಜ್ಜಿ ಎಂದು ನಕ್ಕು, ಕಾರನ್ನು ಸುತ್ತುಹಾಕಿ ಬೇಲಿ ದಾಟುತ್ತಾರೆ. ಅವಳು ಹಾರ್ನ್ ಒತ್ತುತ್ತಾಳೆ. ಅವರು ಹಿಂತಿರುಗಿ ನೋಡಿ ಕೈಬೀಸುತ್ತಾರೆ.