ಸೀಮೆಸುಣ್ಣದ ಗೆರೆ

ದರ್ಜಿ ಅಪ್ಪ ತೀರಿಕೊಂಡ ಮೇಲೂ ಅಂಗಡಿಯ ಬಿಸಿಲಿನಲ್ಲಿ ನೂಲೆಳೆಗಳು ಮೀನಿನಂತೆ ತೇಲುತ್ತಿದ್ದವು. ಮಗಳು ಅವನ್ನೇ ನೋಡುತ್ತಿದ್ದಾಗ ತಮ್ಮ ಬಂದು ಅಂಗಡಿಯ ಹಕ್ಕುಬಿಡುಗಡೆ ಪತ್ರ ಚಾಚಿದ.

"ರುಜು ಹಾಕಿಬಿಡು ಅಕ್ಕಾ. ತವರಿನ ಬಾಗಿಲು ಯಾವತ್ತೂ ತೆರೆದೇ ಇರುತ್ತೆ."

"ಬಾಗಿಲು ತಗೊಂಡು ಏನ್ಮಾಡ್ಲಿ? ಹೊಲಿಗೆ ಮೆಷಿನ್ ಇಡೋಕೆ ಜಾಗ ಬೇಕು. ಅಪ್ಪನಿಗೆ ಇರೋರು ನಾವಿಬ್ಬರೇ. ಕುರಾನಿನ ಪ್ರಕಾರ ನಿನಗೆರಡು ಪಾಲು, ನನಗೊಂದು. ದೇವರು ಕೊಟ್ಟಿದ್ದನ್ನ ಬೇಡ ಅನ್ನೋಕೆ ನಾನ್ಯಾರು?"

ಅವಳು ಅಪ್ಪನ ಟೇಪು ಹಿಡಿದು ನೆಲ ಅಳೆಯತೊಡಗಿದಳು.

"ಅಂಗಡೀನ ಲಂಗ ಅಂದ್ಕೊಂಡ್ಯಾ?" ತಮ್ಮ ನಕ್ಕ.

ಮೂರನೇ ಒಂದು ಭಾಗಕ್ಕೆ ಅವಳು ಸೀಮೆಸುಣ್ಣದ ಗೆರೆ ಎಳೆದಳು. ಬಟ್ಟೆ ಕತ್ತರಿಸುವಾಗ ಅಪ್ಪ ಕಲಿಸಿದಂತೆ, ಹೊಲಿಗೆಗೆಂದು ತನ್ನ ಪಾಲಿನ ಒಂದಿಂಚನ್ನು ತಮ್ಮನ ಕಡೆಗೇ ಬಿಟ್ಟಿದ್ದಳು. ಅದನ್ನು ಕಂಡು ತಮ್ಮನ ನಗು ನಿಂತಿತು. ಪತ್ರವನ್ನು ಮಡಚಿ ಜೇಬಿಗಿಟ್ಟು ಕೇಳಿದ:

"ಮೆಷಿನ್ ಕಿಟಕಿ ಪಕ್ಕ ಇಡೋಣ್ವಾ?"