ಮೂರು ಕೈಯ ನೀರು

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಸೊಸೆ ಬಟ್ಟೆ ಹರವಲು ತಾರಸಿಗೆ ಹೋದಾಗ ಕಳ್ಳಿ ಗೋಡೆಗೆ ಒರಗಿಕೊಂಡಿತ್ತು. ಕಂಬದಂತೆ ನೆಟ್ಟಗೆ ಬೆಳೆಯುವ ಮರುಭೂಮಿಯ ಕಳ್ಳಿ, ಒಂಬತ್ತು ಅಡಿ. ಹೆಬ್ಬೆರಳಿನಷ್ಟಿದ್ದಾಗ ತಂದು ಇಪ್ಪತ್ತಾರು ವರ್ಷ ಸಾಕಿದವರು ಅವಳ ಮಾವ, ಟೈಲರ್. ಸೊಂಟದ ಮೂಳೆ ಮುರಿದು ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದ ಅವರು ಅಂದು ಸಂಜೆ ಮನೆಗೆ ಬರುವವರಿದ್ದರು.

ಬುಡವನ್ನು ಒತ್ತಿದರೆ ಬೆರಳು ಒಳಗಿಳಿಯಿತು. ಕಂದು ನೀರು ಜಿನುಗಿತು.

ಮಾವ ಇಪ್ಪತ್ತು ದಿನಕ್ಕೊಮ್ಮೆ ನೀರು ಹಾಕುತ್ತಿದ್ದರು. ಹಾಕಿದ ಕೂಡಲೇ ಹಿಂದಿನ ಗೋಡೆಗೆ ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದ ಒಂದು ಗೆರೆ, ಪಕ್ಕದಲ್ಲಿ ತಾರೀಕು. ಕೊನೆಯ ಗೆರೆ ಅವರು ಬೀಳುವ ಹಿಂದಿನ ವಾರದ್ದು. ಸೀಮೆಸುಣ್ಣ ಅವರ ಅಂಗಿಯ ಜೇಬಿನಲ್ಲೇ ಆಸ್ಪತ್ರೆಗೆ ಹೋಗಿತ್ತು.

"ಕಳ್ಳಿಗೆ ಯಾರು ನೀರು ಹಾಕಿದ್ದು?" ಸೊಸೆ ಕೆಳಗೆ ಬಂದು ಕೇಳಿದಳು.

"ನಾನೇ ಕಣೇ. ದಿನ ಬಿಟ್ಟು ದಿನ ಒಂದು ಚೊಂಬು," ಎಂದರು ಅತ್ತೆ. "ಯಾರೂ ನೋಡ್ಕೊಳ್ತಿಲ್ಲವಲ್ಲ ಅಂತ."

ಗಂಡ ಮುಖದ ನೊರೆ ಸಮೇತ ಬಚ್ಚಲಿನಿಂದ ಇಣುಕಿದ. "ನಾನೂ ಹಾಕ್ತಿದ್ದೆ. ಸಂಜೆ ಹೊತ್ತು, ಅರ್ಧ ಬಕೆಟ್."

"ಬಕೆಟ್ಟಾ? ಅದೇನು ಎಮ್ಮೆನಾ?" ಎಂದರು ಅತ್ತೆ.

ಸೊಸೆಗೆ ನಗು ಬರಲಿಲ್ಲ. ಪ್ರತಿ ಭಾನುವಾರ ಅವಳೂ ಹಾಕಿದ್ದಳು. ಅದನ್ನೂ ಹೇಳಿದಳು.

"ಅವರಿಗೆ ಈಗಲೇ ಹೇಳೋದು ಬೇಡ. ಬಂದು ಕೂತ್ಕೊಳ್ಳಲಿ, ಆಮೇಲೆ ನೋಡೋಣ," ಎಂದರು ಅತ್ತೆ.

"ಕೊಳೆ ಮೇಲಕ್ಕೆ ಹತ್ತುತ್ತೆ ಅತ್ತೆ. ಸಂಜೆ ತನಕ ಬಿಟ್ರೆ ತುದಿನೂ ಉಳಿಯಲ್ಲ." ಅವಳು ಫೋನ್ ಮಾಡಿದಳು.

ಮಾವ ಬೈಯಲಿಲ್ಲ. "ಎಲ್ಲಿ ತನಕ ಮೆತ್ತಗಾಗಿದೆ?" ಎಂದರು.

"ಮೊಣಕಾಲೆತ್ತರ."

"ನೀನೇ ಕತ್ತರಿಸು. ಅವನ ಕೈಗೆ ಕೊಡಬೇಡ, ಅವನಿಗೆ ಗುಂಡಿ ಹಚ್ಚೋಕೂ ಬರಲ್ಲ. ಮೆತ್ತಗಿರೋದಕ್ಕಿಂತ ನಾಲ್ಕು ಬೆರಳು ಮೇಲೆ. ತಿರುಳಲ್ಲಿ ಕಂದು ಚುಕ್ಕೆ ಕಂಡ್ರೆ ಇನ್ನೂ ಮೇಲೆ. ಒಂದೇ ಒಂದು ಚುಕ್ಕೆ ಇದ್ರೂ ಬಿಡಬೇಡ."

"ನೀವು ಬಂದು ಒಂದ್ಸಲ ನೋಡಿದ್ಮೇಲೆ..."

"ಮೆಟ್ಟಿಲು ಹತ್ತಬಾರದು ಅಂದಿದ್ದಾರಮ್ಮ."

ಆ ಗಿಡವನ್ನು ಮುಟ್ಟಲು ಅವರು ಯಾರನ್ನೂ ಬಿಟ್ಟಿರಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ ಅಂದು ರಜೆ ಹಾಕಿ, ಗರಗಸಕ್ಕೆ ಸ್ಪಿರಿಟ್ ಒರೆಸಿದಳು. ಗಂಡ ಹಳೇ ಕಂಬಳಿ ಸುತ್ತಿ ಕಳ್ಳಿಯನ್ನು ತಬ್ಬಿ ಹಿಡಿದ. ಮೊದಲ ಕೊಯ್ತದಲ್ಲಿ ನಡುವೆ ಕಂದು ಉಂಗುರ. ಎರಡನೆಯದರಲ್ಲಿ ಏಳೆಂಟು ಚುಕ್ಕೆ. ಎದೆಮಟ್ಟದಲ್ಲಿ ಮೂರನೆಯದು.

"ಸಾಕಲ್ವಾ? ಎರಡೇ ಚುಕ್ಕೆ ಇವೆ," ಎಂದ ಗಂಡ.

"ಇವೆಯಲ್ಲ." ಅವಳು ಮತ್ತೆ ಗರಗಸ ಒರೆಸಿದಳು.

ಐದನೆಯ ಕೊಯ್ತದಲ್ಲಿ ತಿರುಳು ಬೆಳ್ಳಗಿತ್ತು. ಅವಳು ಎರಡು ಸಲ ಬಗ್ಗಿ ನೋಡಿದಳು. ಉಳಿದ ತುದಿಯನ್ನು ನೀರಿನ ಟ್ಯಾಂಕಿನ ನೆರಳಿನಲ್ಲಿ, ಹಳೇ ಪೇಪರಿನ ಮೇಲೆ ಒಣಗಲು ಮಲಗಿಸಿದರು.

ನಾಲ್ಕೂ ಹತ್ತಕ್ಕೆ ಮಾವ ವಾಕರ್ ಹಿಡಿದು ಒಳಬಂದರು. ಕೂರುವ ಮೊದಲೇ ಕೇಳಿದರು: "ಎಷ್ಟು ಉಳೀತು?"

"ಮೂರೂವರೆ ಅಡಿ, ಮಾವ."

"ನಲವತ್ತೆರಡು ಇಂಚು. ಒಂದು ಪ್ಯಾಂಟಿನ ಉದ್ದ." ಅವರು ಜೇಬಿನಿಂದ ಸವೆದ ಸೀಮೆಸುಣ್ಣ ತೆಗೆದು ಅವಳ ಕೈಗಿಟ್ಟರು. "ಗಾಯ ಒಣಗಲಿ, ಬೇರು ಬರಲಿ. ಅಲ್ಲಿ ತನಕ ಒಂದು ತೊಟ್ಟೂ ಬೇಡ."

ಗೋಡೆಯ ಮೇಲೆ ಮುಂದಿನ ಗೆರೆ ಬಿದ್ದದ್ದು ಅರವತ್ತಮೂರು ದಿನಗಳ ನಂತರ.