ಮುಂದಿನ ಸೀಟು

"ಎದೆ ಉಬ್ಬಿಸಬೇಡ. ಹೆಣ್ಣು ನೋಡೋಕೆ ಬಂದಿಲ್ಲ ನೀನು," ಎನ್ನುತ್ತ ಚಿಕ್ಕ ಮೇಸ್ತ್ರಿ ಟೈರಿನವನ ಭುಜವನ್ನು ಅಂಗೈಯಿಂದ ಅದುಮಿದಳು.

ಡಿಪೋದ ಐದು ಜನರನ್ನು ಅಂಗಳದ ಗೋಡೆಗೆ ಒರಗಿಸಿ ನಿಲ್ಲಿಸಿ, ಯಾರ ಭುಜ ಎಷ್ಟು ಎತ್ತರ ಎಂದು ನೋಡುತ್ತಿದ್ದಳು. ಆರನೆಯವಳು ತಾನೇ. ಎತ್ತರ ಹೊಂದದಿದ್ದರೆ ಹೆಣದ ಪೆಟ್ಟಿಗೆ ವಾಲುತ್ತದೆ. ಒಳಗೆ ಮಲಗಿದ್ದ ದೊಡ್ಡ ಮೇಸ್ತ್ರಿ ಮೂವತ್ತೆಂಟು ವರ್ಷದಲ್ಲಿ ವಾಲಿದ ಬಸ್ಸೊಂದನ್ನು ಡಿಪೋದ ಗೇಟು ದಾಟಲು ಬಿಟ್ಟವರಲ್ಲ. ಇವತ್ತು ಅವರನ್ನೇ ವಾಲಿಸಿಕೊಂಡು ಹೋದರೆ ನೋಡಿದವರು ನಗುತ್ತಾರೆ.

ಚಿಕ್ಕ ಮೇಸ್ತ್ರಿಗೆ ಐವತ್ತು ದಾಟಿದೆ, ಮಂಡಿ ನೋವಿದೆ, ಮೂಗಿನ ಮೇಲೆ ಕನ್ನಡಕ ಬಂದಿದೆ. ಆದರೂ ಅವಳು ಚಿಕ್ಕವಳೇ. ದೊಡ್ಡ ಮೇಸ್ತ್ರಿ ನಿವೃತ್ತರಾಗಿ ಒಂಬತ್ತು ವರ್ಷವಾಗಿ, ಅವರ ಮೇಜು, ಅವರ ಸಹಿ, ಅವರ ಬೈಗುಳ ಎಲ್ಲ ಅವಳ ಪಾಲಿಗೆ ಬಂದರೂ ಹೆಸರು ಮಾತ್ರ ಬೆಳೆಯಲಿಲ್ಲ. ಬೆಳಿಗ್ಗೆ ಅವಳು ಬಾಗಿಲಿಗೆ ಬಂದಾಗ ಮೇಸ್ತ್ರಿಯ ಹೆಂಡತಿ ಅಳಲಿಲ್ಲ. ಕೈ ಹಿಡಿದು ಒಂದೇ ಮಾತು ಹೇಳಿದ್ದರು: ಮುಂದಿನ ಬಲಭುಜ ನಿನ್ನದು, ಬೇರೆ ಯಾರಿಗೂ ಕೊಡಬೇಡ. ನೆಂಟರಲ್ಲಿ ಇಬ್ಬರು ಮೂವರು ಮುಖ ಗಂಟು ಹಾಕಿಕೊಂಡರು. ಅಳು ಬಂದಾಗ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಯಾರನ್ನಾದರೂ ಗದರುವುದು. ಹಾಗಾಗಿ ಪಾಪ ಟೈರಿನವನು ಬೈಸಿಕೊಳ್ಳುತ್ತಿದ್ದ.

ಆಚೆ ಕುರ್ಚಿಗಳ ಕಡೆ ಮೇಸ್ತ್ರಿಯ ಅಳಿಯನ ಮಾತು ನಡೆದಿತ್ತು. ಅವನ ಕೆಲಸವೇ ಮಾತು. ಶಾಲೆಯ ಹೆಡ್‌ಮಾಸ್ಟರುಗಳನ್ನೂ ಕಚೇರಿಯ ಸಾಹೇಬರುಗಳನ್ನೂ ತಣ್ಣನೆಯ ಎ.ಸಿ. ಕೋಣೆಯಲ್ಲಿ ಕೂರಿಸಿ, ಕೈಕೆಳಗಿನ ಜನರನ್ನು ಮುನ್ನಡೆಸುವುದು ಹೇಗೆ ಎಂದು ಪರದೆಯ ಮೇಲೆ ಬಣ್ಣದ ಚಿತ್ರ ಬಿಟ್ಟು ಕಲಿಸುತ್ತಾನೆ. ಕೆಟ್ಟವನಲ್ಲ. ಮಾವನ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದ. ಒಂದು ಅವಕಾಶ ಸಿಕ್ಕಿದ್ದರೆ ಅವರು ಮ್ಯಾನೇಜರೇ ಆಗುತ್ತಿದ್ದರು, ಯಾಕೋ ಕೂಡಿಬರಲಿಲ್ಲ ಎಂದು. ಮಾತು ಹೊರಳಿ ಅವರ ಹಣೆಯ ಗಾಯದ ಗುರುತಿಗೆ ಬಂತು. ಜಾಕಿ ಜಾರಿ ಬಡಿದದ್ದು ಎಂದು ಒಬ್ಬ, ಬಚ್ಚಲಲ್ಲಿ ಬಿದ್ದದ್ದು ಎಂದು ಇನ್ನೊಬ್ಬ. ಚಿಕ್ಕ ಮೇಸ್ತ್ರಿ ಕೇಳಿಸಿಕೊಳ್ಳುತ್ತಲೇ ಟೈರಿನವನ ಭುಜವನ್ನು ಮತ್ತೊಮ್ಮೆ ಅದುಮಿದಳು.

ಎರಡು ಗಂಟೆಗೆ ಡಿಪೋ ಮ್ಯಾನೇಜರ್ ಫೋನ್ ಮಾಡಿದರು. ಶಾಲಾಮಕ್ಕಳನ್ನು ಮನೆಗೆ ಬಿಡುವ ಬಸ್ಸು ಕೆಟ್ಟು ನಿಂತಿತ್ತು. ಬದಲಿಗೆ ಇದ್ದದ್ದು ಒಂದೇ ಗಾಡಿ, ನಿನ್ನೆ ಸಂಜೆ ಬ್ರೇಕ್ ಬಿಚ್ಚಿ ಮತ್ತೆ ಕಟ್ಟಿ ಮುಗಿಸಿದ್ದು. ನಾಲ್ಕಕ್ಕೆ ಅದು ಶಾಲೆಯ ಮುಂದಿರಬೇಕು. ಅವರ ದನಿಯಲ್ಲಿ ಸಂಕೋಚವಿತ್ತು. ನೀವು ಅಲ್ಲೇ ಇರಿ, ಫೋನಿನಲ್ಲೇ ಹೂಂ ಅನ್ನಿ, ನೋಡಿದ್ದಾಯಿತು ಎಂದು ನಾನೇ ಬರೆದುಕೊಳ್ಳುತ್ತೇನೆ, ಇಂಥ ದಿನ ಯಾರೂ ಕೇಳುವುದಿಲ್ಲ ಎಂದರು.

ಬ್ರೇಕ್ ಕಟ್ಟಿದ ಗಾಡಿ ಹೊರಗೆ ಹೋಗುವ ಮೊದಲು ಡಿಪೋದ ಹಿಂದಿನ ಇಳಿಜಾರಿನಲ್ಲಿ ಮೂರು ಸುತ್ತು ಹಾಕಬೇಕು. ಅಷ್ಟು ಎಲ್ಲ ಡಿಪೋಗಳಲ್ಲೂ ಉಂಟು. ಆದರೆ ಆ ಮೂರು ಸುತ್ತಿನಲ್ಲಿ ಮುಂದಿನ ಸೀಟಿನಲ್ಲಿ ಬ್ರೇಕ್ ಕಟ್ಟಿದವನು ಕೂರಬೇಕು, ಅವನ ಮಗ್ಗುಲಲ್ಲೇ ಮೇಸ್ತ್ರಿಯೂ ಕೂರಬೇಕು ಎಂಬುದು ದೊಡ್ಡ ಮೇಸ್ತ್ರಿ ತಾವೇ ಮಾಡಿಕೊಂಡ ಕಟ್ಟಳೆ. ಯಾವ ಪುಸ್ತಕದಲ್ಲೂ ಇಲ್ಲ.

ಮೂರಕ್ಕೆ ಪೆಟ್ಟಿಗೆ ಎತ್ತಬೇಕು. ಸ್ಮಶಾನದಲ್ಲಿ ಕೊಟ್ಟಿದ್ದ ಹೊತ್ತಿಗೆ ಮುಟ್ಟಬೇಕಿತ್ತು, ಅವರ ಹಿಂದೆ ಇನ್ನೊಬ್ಬರದ್ದಿತ್ತು. ಡಿಪೋಗೆ ಹೋದರೆ ಭುಜ ಕೊಡಲಾಗದು. ಭುಜ ಕೊಟ್ಟರೆ ನಲವತ್ತು ಮಕ್ಕಳು ಯಾರೂ ಕೂತು ನೋಡದ ಬ್ರೇಕಿನ ಮೇಲೆ ಮನೆಗೆ ಹೋಗುತ್ತಾರೆ. ಅವಳು ಫೋನನ್ನು ಕಿವಿಗೆ ಹಿಡಿದೇ ನಿಂತಳು.

* * *

ಅದು ಅವಳು ಡಿಪೋ ಸೇರಿದ ಮೊದಲ ವರ್ಷ. ಹೆಣ್ಣುಮಗಳು ನಟ್ಟು ಬಿಗಿಯುವ ಪಾನಾ ಹಿಡಿದಿದ್ದಾಳೆ ಎಂದು ಬೇರೆ ಡಿಪೋದವರೂ ಬಂದು ನೋಡಿಹೋಗುತ್ತಿದ್ದ ಕಾಲ. ಒಂದು ಮಧ್ಯಾಹ್ನ ಬ್ರೇಕ್ ಪೈಪಿನ ನಟ್ಟನ್ನು ಬೆರಳಲ್ಲೇ ತಿರುಗಿಸಿ ಕೂರಿಸಿದ್ದಳು. ಪಾನಾ ಹಾಕಿ ಬಿಗಿಯಬೇಕು ಅನ್ನುವಷ್ಟರಲ್ಲಿ ಟೀ ಬಂತೆಂದು ಯಾರೋ ಕೂಗಿದರು. ಕುಡಿದು ಬಂದವಳು ಇನ್ನೊಂದು ಚಕ್ರದ ಕೆಳಗೆ ಹೋಗಿ ಮಲಗಿದಳು. ಅಷ್ಟೇ ತಪ್ಪು.

ಇಳಿಜಾರಿನ ಎರಡನೇ ಸುತ್ತಿನಲ್ಲಿ ಡ್ರೈವರ್ ಒತ್ತಿದ ಪೆಡಲ್ ನೆಲ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ದೊಡ್ಡ ಮೇಸ್ತ್ರಿ ಕೂಗಾಡಲಿಲ್ಲ. ಒಂದು ತೋಳನ್ನು ಅವಳಿಗೆ ಅಡ್ಡ ಹಿಡಿದು, ಮಣ್ಣುಗುಡ್ಡೆಗೆ ಹಾಕಪ್ಪ ಎಂದು ಡ್ರೈವರಿಗೆ ಹೇಳಿದರು. ಗಾಡಿ ಮಣ್ಣಿಗೆ ನುಗ್ಗಿ ನಿಂತಿತು. ಅವಳಿಗೆ ತರಚಲೂ ಇಲ್ಲ. ಅವರ ಹಣೆ ಮುಂದಿನ ಕಂಬಿಗೆ ಬಡಿದು ಐದು ಹೊಲಿಗೆ ಬಿತ್ತು.

ಕಟ್ಟಿದ್ದು ಯಾರು ಎಂದು ಆಗಿನ ಮ್ಯಾನೇಜರ್ ಕೇಳಿದರು. ಹತ್ತುವ ಮೊದಲು ನಾನು ನೋಡಬೇಕಿತ್ತು, ನೋಡಲಿಲ್ಲ, ಹಾಗೇ ಬರೆದುಕೊಳ್ಳಿ ಎಂದರು ದೊಡ್ಡ ಮೇಸ್ತ್ರಿ. ಬರೆದುಕೊಂಡರು. ಆ ವರ್ಷ ಬಡ್ತಿಯ ಪಟ್ಟಿಯಿಂದ ಬಿದ್ದ ಹೆಸರು ಮತ್ತೆ ಮೇಲೇಳಲಿಲ್ಲ.

ಮರುದಿನ ಅವಳು ಅರ್ಜಿ ಬರೆದುಕೊಂಡು ಹೋದಳು, ಸೀಟು ಹೊಲಿಯುವ ಕಡೆಗೆ ಹಾಕಿ ಎಂದು. ಸೀಟು ಹರಿದರೆ ಯಾರೂ ಸಾಯುವುದಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಅವರು ಅದನ್ನು ಓದಿ ಮಡಚಿಟ್ಟರು.

"ಹೋಗು, ಬೇಡ ಅನ್ನಲ್ಲ. ಮೊದಲು ಆ ಗಾಡಿ ಕಟ್ಟು. ನಾನು ಹತ್ತಬೇಕು."

ಅವಳು ಎರಡೆರಡು ಸಲ ಬಿಗಿದು ಕಟ್ಟಿದಳು. ಅವರು ಒಂದೊಂದು ನಟ್ಟಿಗೂ ಪಾನಾ ಹಾಕಿ ನೋಡಿದರು. ಆಮೇಲೆ ಮುಂದಿನ ಸೀಟಿನಲ್ಲಿ ಅವಳ ಮಗ್ಗುಲಿಗೆ ಕೂತು, ಇಳಿಜಾರು ಶುರುವಾಗುವ ಮೊದಲೇ ಗೊರಕೆ ಹೊಡೆದರು. ನಿಜವಾದ ನಿದ್ದೆಯೋ ನಾಟಕವೋ, ಅವಳು ಯಾವತ್ತೂ ಕೇಳಲಿಲ್ಲ. ಅರ್ಜಿಯ ಮಾತನ್ನು ಅವರೂ ಎತ್ತಲಿಲ್ಲ.

* * *

ಏನೂ ಬರೆಯಬೇಡಿ, ಬರುತ್ತಿದ್ದೇನೆ ಎಂದು ಮ್ಯಾನೇಜರಿಗೆ ಹೇಳಿ ಅವಳು ಫೋನ್ ಇಟ್ಟಳು. ನೇರ ಗೋಡೆಯ ಹತ್ತಿರ ಹೋಗಿ, ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದ ಸಿಡುಕನ ತೋಳು ಹಿಡಿದಳು. ಡಿಪೋದಲ್ಲಿ ಬ್ರೇಕ್ ಕಟ್ಟುವುದರಲ್ಲಿ ಅವನನ್ನು ಬಿಟ್ಟರಿಲ್ಲ, ಮುಖ ಸಿಂಡರಿಸುವುದರಲ್ಲೂ ಬಿಟ್ಟರಿಲ್ಲ.

"ನಡಿ. ನೀನು ಕಟ್ಟಿದ ಗಾಡಿ ಹೊರಡ್ತಿದೆ."

"ಇಪ್ಪತ್ತು ವರ್ಷ ಆಯ್ತು. ಇನ್ನೂ ನನ್ನ ಕೈ ಮೇಲೆ ಅನುಮಾನನಾ?" ಎಂದ ಸಿಡುಕ.

"ಅನುಮಾನ ಇದ್ದಿದ್ರೆ ನಿನ್ನೊಬ್ಬನ್ನೇ ಕೂರಿಸ್ತಿದ್ದೆ. ನಾನೂ ಕೂರ್ತೀನಲ್ಲ."

ವಿಷಯ ಅಂಗಳದಲ್ಲಿ ಹರಡಲು ಎಷ್ಟು ಹೊತ್ತು? ಪೆಟ್ಟಿಗೆ ಎತ್ತುವ ಹೊತ್ತಿಗೆ ಎದ್ದು ಹೋಗುತ್ತಾಳಂತೆ, ಜೊತೆಗೆ ಇನ್ನೊಬ್ಬನನ್ನೂ ಕರೆದುಕೊಂಡು ಹೋಗುತ್ತಾಳಂತೆ, ಇವಳಿಗೆ ಮೇಸ್ತ್ರಿ ಮಾಡಿದ್ದು ಇಷ್ಟೇನಾ ಎಂದು ಹೆಂಗಸರ ಕಡೆಯಿಂದ ಗುಸುಗುಸು ಬಂತು. ಅಳಿಯ ಕುರ್ಚಿ ಬಿಟ್ಟು ಹತ್ತಿರ ಬಂದ. ಅವನಿಗೆ ನಿಜಕ್ಕೂ ಸಂಕಟವಾಗಿತ್ತು.

"ಅಕ್ಕ, ತಪ್ಪು ತಿಳ್ಕೋಬೇಡಿ. ನಾನು ಎಲ್ಲರಿಗೂ ಹೇಳೋದು ಇದನ್ನೇ. ಕೆಲಸ ಹಂಚಿಕೊಡೋನು ನಿಜವಾದ ಲೀಡರು. ಎಲ್ಲಾ ನಾನೇ ಮಾಡ್ತೀನಿ ಅಂದ್ರೆ ಅದು ಬರೀ ಹಟ."

"ಹಂಚಿದೀನಲ್ಲಪ್ಪ," ಎಂದಳು ಚಿಕ್ಕ ಮೇಸ್ತ್ರಿ. "ಕಟ್ಟೋದು ಇವನಿಗೆ ಕೊಟ್ಟೆ. ಓಡಿಸೋದು ಡ್ರೈವರಿಗೆ ಕೊಟ್ಟೆ. ಹೆದರೋದು ಒಂದೇ ನಾನು ಇಟ್ಕೊಂಡಿರೋದು."

ಬಾಗಿಲಲ್ಲಿ ಮೇಸ್ತ್ರಿಯ ಹೆಂಡತಿ ಬಂದು ನಿಂತಿದ್ದರು. ಎಲ್ಲ ಕೇಳಿಸಿತ್ತು ಎಂದು ಮುಖವೇ ಹೇಳುತ್ತಿತ್ತು. ಚಿಕ್ಕ ಮೇಸ್ತ್ರಿ ಅವರೆದುರು ಹೋಗಿ ನಿಂತಳು. ಇಪ್ಪತ್ತೇಳು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದ ಮಾತು ಅದಾಗಿಯೇ ಹೊರಗೆ ಬಂತು.

"ಅಮ್ಮ, ಅವರ ಹಣೆ ಮೇಲಿನ ಗುರುತು ನನ್ನ ಕೈಕೆಲಸ. ನಟ್ಟು ಬಿಗಿ ಮಾಡದೆ ಬಿಟ್ಟೋಳು ನಾನು. ಅವರು ಮ್ಯಾನೇಜರ್ ಆಗದೇ ಹೋಗಿದ್ದೂ ಅದಕ್ಕೇ."

ಮೇಸ್ತ್ರಿಯ ಹೆಂಡತಿ ಅವಳನ್ನು ಬಹಳ ಹೊತ್ತು ನೋಡಿದರು, ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

"ಡ್ರೈವರ್ ತಪ್ಪು ಅಂದಿದ್ರು ನನ್ನ ಹತ್ರ," ಎಂದರು ಕೊನೆಗೆ. "ಆ ಡ್ರೈವರ್ ಮನೆ ಮದುವೆಗೂ ನಾನು ಹೋಗ್ಲಿಲ್ಲ."

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

"ನೀವು ಬೇಡ ಅಂದ್ರೆ..." ಎಂದು ಚಿಕ್ಕ ಮೇಸ್ತ್ರಿ ಶುರು ಮಾಡಿದಳು.

"ಹೋಗು ಅಂತ ನಾನು ಹೇಳಲ್ಲ. ಅವರಿಗೂ ಒಂದಿನ ಹೇಳಿದೋಳಲ್ಲ. ಮಗಳು ಹುಟ್ಟಿದ ದಿನ ಹೋದ್ರು, ಹಬ್ಬದ ದಿನ ಊಟ ಬಿಟ್ಟು ಹೋದ್ರು. ನಾನು ಬೈತಾನೇ ಇದ್ದೆ, ಅವರು ಹೋಗ್ತಾನೇ ಇದ್ರು." ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮೂರು ಗಂಟೆಗೆ ಎತ್ತೋದೇ. ನಿನಗೆ ಅಂತ ಕಾಯಲ್ಲ."

ಗೇಟಿನ ಹತ್ತಿರ ಅವಳು ಒಮ್ಮೆ ತಿರುಗಿ ನೋಡಿದಳು. ಸಿಡುಕನ ಜಾಗಕ್ಕೆ ಡಿಪೋದ ಇನ್ನೊಬ್ಬ, ಖಾಲಿಯಾದ ಮುಂದಿನ ಬಲಮೂಲೆಗೆ ಅಳಿಯ ಬಂದು ನಿಂತಿದ್ದ. ಕುಳ್ಳ. ಟೈರಿನವನು ಟವೆಲನ್ನು ನಾಲ್ಕು ಮಡಿಕೆ ಮಾಡಿ ಅವನ ಭುಜಕ್ಕೆ ಹೊದಿಸಿ, ಎತ್ತರ ನೋಡಿ, ಇನ್ನೊಂದು ಮಡಿಕೆ ಮಾಡುತ್ತಿದ್ದ.

* * *

ಮೂರು ಸುತ್ತಾಯಿತು. ಮೊದಲ ಸುತ್ತಿಗೆ ಮೊದಲು ಅವಳು ಮಂಡಿ ನೋವು ನುಂಗಿಕೊಂಡು ಗಾಡಿಯ ಕೆಳಗೆ ತೆವಳಿ ಪ್ರತಿಯೊಂದು ನಟ್ಟಿಗೂ ಪಾನಾ ಹಾಕಿದಳು. ಒಂದೂ ಅಲುಗಲಿಲ್ಲ. ಸಿಡುಕ ಹೊರಗೆ ನಿಂತು, ಆಯಿತಾ, ಸಮಾಧಾನ ಆಯಿತಾ ಎನ್ನುತ್ತಲೇ ಇದ್ದ. ಮೂರೂ ಸಲ ಗಾಡಿ ಇಳಿಜಾರಿನ ನಡುವೆ ಒಂದೇ ಉಸಿರಿಗೆ ನಿಂತಿತು. ಅವಳು ಸಹಿ ಹಾಕಿದಾಗ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು.

ಶಾಲೆಗೆ ಹೋಗುವ ದಾರಿಯಲ್ಲೇ ಸ್ಮಶಾನ. ಅಲ್ಲಿ ಇಳಿಸುತ್ತೇನೆ, ಕೂತಿರಿ ಎಂದ ಡ್ರೈವರ್. ಇಬ್ಬರೂ ಮುಂದಿನ ಸೀಟಿನಿಂದ ಏಳಲೇ ಇಲ್ಲ. ಅವಳು ತಿರುಗಿ ನೋಡಿದರೆ, ಸಿಡುಕನ ಕೆನ್ನೆ ಒದ್ದೆಯಾಗಿತ್ತು, ಮುಖ ಮಾತ್ರ ಎಂದಿನಂತೆ ಸಿಂಡರಿಸಿಯೇ ಇತ್ತು.

ದೊಡ್ಡ ರಸ್ತೆಯ ಇಳಿಜಾರು ಮುಗಿಯುವಲ್ಲಿ ಹೆಣ ಹೊತ್ತವರು ಕಂಡರು. ಪೆಟ್ಟಿಗೆ ರಸ್ತೆ ದಾಟುತ್ತಿತ್ತು. ಮೇಲಿನಿಂದ ಬಸ್ಸು ಬರುವುದು ಕಂಡು ನೆಂಟರೆಲ್ಲ ಮಕ್ಕಳನ್ನು ಎಳೆದುಕೊಂಡು ಬದಿಗೆ ಸರಿದರು. ಡ್ರೈವರ್ ಮೆಲ್ಲಗೆ ಪೆಡಲ್ ಒತ್ತಿದ. ಅಳಿಯ ಬೆಚ್ಚಿ ಈ ಕಡೆ ನೋಡಿದ. ಹಿಂದಿದ್ದ ಟೈರಿನವನು ಅವನಿಗೆ, ಮುಂದಿನ ಸೀಟು ನೋಡಿ ಅಂದ. ಅಳಿಯ ಮತ್ತೆ ಮುಂದಕ್ಕೆ ನೋಡಿದ. ಡಿಪೋದವರು ಯಾರೂ ತಲೆ ಎತ್ತಲಿಲ್ಲ, ಹೆಜ್ಜೆ ಬೇಗ ಮಾಡಲಿಲ್ಲ. ಪೆಟ್ಟಿಗೆ ಎಳ್ಳಷ್ಟೂ ವಾಲದೆ ದಾಟಿತು.

ಹಿಂದೆ ಬರುತ್ತಿದ್ದ ಮೇಸ್ತ್ರಿಯ ಹೆಂಡತಿಯ ಚಪ್ಪಲಿಯ ಪಟ್ಟಿ ರಸ್ತೆಯ ನಟ್ಟನಡುವೆ ಕಿತ್ತುಬಂತು. ಮಗಳು ಗಾಬರಿಯಿಂದ ತೋಳು ಹಿಡಿದೆಳೆದಳು. ಅವರು ಕೊಸರಿಕೊಂಡು, ಇಳಿಜಾರಿನಲ್ಲಿ ಗುರುಗುಟ್ಟುತ್ತ ನಿಂತಿದ್ದ ಬಸ್ಸಿನ ಮೂತಿಗೆ ಒಂದು ಕೈ ಊರಿ, ಅದಕ್ಕೆ ಬೆನ್ನು ತಿರುಗಿಸಿ, ಒಂಟಿ ಕಾಲಲ್ಲಿ ನಿಂತು, ಅವಸರವಿಲ್ಲದೆ ಪಟ್ಟಿಯನ್ನು ತೂತಿಗೆ ಸೇರಿಸತೊಡಗಿದರು.